ಯೆಜ್ಡಿಯ ಸೈಲೆನ್ಸರೂ, ಅಪ್ಪನ ಕಿವಿಯೂ

ಬ್ಲಾಗಿನ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಗಿತ್ತು. ರಿಲೀಸು, ಬಗ್ಗು, ಮತ್ತೆ ರಿಲೀಸು.. ಬರೆಯದೇ ಇರೋದಕ್ಕೆ ನೆಪಗಳಿಗೇನು ಬರವೇ? ಆದರೆ ಮೊನ್ನೆ ಶುಕ್ರವಾರ ರಾತ್ರಿ ನಡೆದದ್ದು ತಲೆಯೊಳಗೆ ಸುತ್ತುತ್ತಲೇ ಇದೆ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ಮಧ್ಯೆ ಒಂದಷ್ಟು ಇಂಜಿನಿಯರಿಂಗ್ ಕೂಡ ಬರುತ್ತೆ. ಸಹಿಸಿಕೊಳ್ಳಿ :)

ವಾರಾಂತ್ಯಕ್ಕೆ ಅಂತ ಬೆಂಗಳೂರಿನಿಂದ ಮೈಸೂರಿನ ಮನೆಗೆ ಬಂದಿದ್ದೆ. ರಾತ್ರಿ ಹನ್ನೊಂದೂವರೆ ಆಗಿತ್ತೇನೋ. ಬೀದಿಯ ತಿರುವಿನಲ್ಲಿ ಒಂದು ಆರ್‌ಎಕ್ಸ್ 100 ಬಂತು. ಸೈಲೆನ್ಸರಿನ ಹೊಟ್ಟೆ ಬಗೆದು ಖಾಲಿ ಮಾಡಿದ್ದ ಗಾಡಿ. ಕಿಟಕಿಯ ಗಾಜು ಅದುರಿತು. ಎದುರು ಮನೆಯ ಮಗು ಕಿಟಾರನೆ ಕಿರುಚಿಕೊಂಡಿತು. ನಾಯಿಗಳು ಶುರುಮಾಡಿದವು. ನಾಲ್ಕಾರು ಮನೆಗಳಲ್ಲಿ ಲೈಟ್ ಹತ್ತಿತು. ಅಮ್ಮ ರೂಮಿನಿಂದ ಎದ್ದು ಬಂದು, "ಇವನ ಮನೆ ಹಾಳಾಗ, ಯಾರೋ ಅವನು" ಅಂತ ಬಾಗಿಲು ತೆಗೆದು ನೋಡಿದಳು. ಹಾಲಿನಲ್ಲಿ ಮಂಚದ ಮೇಲೆ ಅಪ್ಪ ಗೋಡೆ ಕಡೆ ತಿರುಗಿ ಮಲಗಿದ್ದರು. ಇಡೀ ಬೀದಿ ಎದ್ದಿತ್ತು. ಅಪ್ಪ ಮಾತ್ರ ಏಳಲಿಲ್ಲ.

ಆ ಹುಡುಗ ನನಗೆ ಗೊತ್ತು. ಹಿಂದಿನ ಬೀದಿಯವನು, ಹೋದ ವರ್ಷ ಇಂಜಿನಿಯರಿಂಗ್ ಸೇರಿದ್ದಾನೆ. ಬೆಳಿಗ್ಗೆ ಸಿಕ್ಕರೆ ಸರಿಯಾಗಿ ಉಗೀಬೇಕು ಅಂತ ಹಲ್ಲು ಕಚ್ಚಿಕೊಂಡು ಮಲಗಿದೆ. ಆಮೇಲೆ ನಿದ್ದೆ ಬರಲಿಲ್ಲ. ಉಗಿಯೋಕೆ ನನಗೇನು ಯೋಗ್ಯತೆ ಇದೆ? ಒಂಬತ್ತು ವರ್ಷದ ಹಿಂದೆ ಆ ಹುಡುಗ ನಾನೇ ಆಗಿದ್ದೆ.

*

ನಮ್ಮ ಮನೆಯಲ್ಲಿ ಇರೋದು ಆರ್‌ಎಕ್ಸ್ ಅಲ್ಲ, ಯೆಜ್ಡಿ ರೋಡ್‌ಕಿಂಗ್. ಅಪ್ಪ 1988ರಲ್ಲಿ ಕೊಂಡದ್ದು, ನನಗಿಂತ ಹಿರಿಯ. ಮೈಸೂರಿನವರಿಗೆ ಯೆಜ್ಡಿ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಹೊರಬರತೊಡಗಿತು, 1970ರ ದಶಕದಲ್ಲಿ ಅದು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. 2022ರಲ್ಲಿ ಯೆಜ್ಡಿ ಅನ್ನೋ ಹೆಸರು ಮತ್ತೆ ಮಾರುಕಟ್ಟೆಗೆ ಬಂತು, ಆದರೆ ಅದು ಫೋರ್ ಸ್ಟ್ರೋಕ್. ನಮ್ಮದು ಹಳೆಯ ಟೂ ಸ್ಟ್ರೋಕ್. ಇರೋದು ಒಂದೇ ಸಿಲಿಂಡರ್, ಹೊಗೆ ಹೋಗೋಕೆ ಎರಡು ಕೊಳವೆ, ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್. ಕಿಕ್ ಹೊಡೆಯೋ ಕಡ್ಡಿಯನ್ನೇ ತಿರುಗಿಸಿದರೆ ಗೇರ್ ಲಿವರ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಸದ್ದು ಮಾತ್ರ ಗುಡುಗುಡುಗುಡು.. ಅಂತ, ದೊಡ್ಡ ಹಂಡೆಯೊಳಗೆ ನೀರು ಕುದಿಯುವ ಹಾಗೆ.

ಅಪ್ಪ ಶಿಫ್ಟ್ ಮುಗಿಸಿ ಬರುವಾಗ ಆ ಗುಡುಗುಡು ಬೀದಿಯ ತುದಿಯಲ್ಲೇ ಕೇಳಿಸುತ್ತಿತ್ತು. ಅಮ್ಮ ಕಾಫಿಗೆ ಹಾಲು ಇಡುತ್ತಿದ್ದದ್ದು ಆಗ. ಅಪ್ಪ ಗಾಡಿ ಸ್ಟ್ಯಾಂಡ್ ಹಾಕಿ, ಕೈಕಾಲು ತೊಳೆದು ಬರುವ ಹೊತ್ತಿಗೆ ಲೋಟ ತಯಾರು.

2016ರಲ್ಲಿ ನಾನು ಮೆಕ್ಯಾನಿಕಲ್ ಎರಡನೇ ವರ್ಷ. (ಹೌದು, ಓದಿದ್ದು ಮೆಕ್ಯಾನಿಕಲ್, ಮಾಡ್ತಿರೋದು ಸಾಫ್ಟ್‌ವೇರ್. ನನ್ನ ಬ್ಯಾಚಿನಲ್ಲಿ ಮುಕ್ಕಾಲು ಜನರ ಕತೆ ಇದೇ.) ಎರಡು ಸೆಮಿಸ್ಟರಿನ ಇಂಜಿನ್ ಜ್ಞಾನ ತಲೆಗೆ ಏರಿತ್ತು. ಕ್ಲಾಸಿನಲ್ಲಿ ಗೆಳೆಯರೆಲ್ಲಾ ಹೇಳುತ್ತಿದ್ದ ಸಿದ್ಧಾಂತ ಒಂದೇ: ಸೈಲೆನ್ಸರ್ ಅನ್ನೋದು ಇಂಜಿನ್ನಿನ ಬಾಯಿಗೆ ತುರುಕಿದ ಬಟ್ಟೆ. ಅದನ್ನು ಕಿತ್ತರೆ ಇಂಜಿನ್ ಸರಾಗವಾಗಿ ಉಸಿರಾಡುತ್ತೆ, ಪವರ್ ಬರುತ್ತೆ. ಸದ್ದು ಜಾಸ್ತಿ ಅಂದರೆ ಪವರ್ ಜಾಸ್ತಿ. ಇಷ್ಟು ಸುಲಭವಾಗಿ ಅರ್ಥವಾಗೋ ವಿಷಯ ತಪ್ಪಿರೋಕೆ ಸಾಧ್ಯವೇ?

ಒಂದು ಭಾನುವಾರ ಅಪ್ಪ ಊರಿಗೆ ಹೋಗಿದ್ದಾಗ ಎರಡೂ ಸೈಲೆನ್ಸರಿನ ಹಿಂದಿನ ಬೋಲ್ಟ್ ಬಿಚ್ಚಿದೆ. ಒಳಗಿನ ಬ್ಯಾಫಲ್, ಅಂದರೆ ಮೈತುಂಬ ತೂತುಗಳಿರುವ ಕೊಳವೆ, ಕಪ್ಪಗೆ ಅಂಟು ಕಾರ್ಬನ್ ಮೆತ್ತಿಕೊಂಡು ಕೂತಿತ್ತು. ಇಕ್ಕಳ ಹಾಕಿ ಎಳೆದು ತೆಗೆದೆ. ಎರಡನ್ನೂ ಹಳೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಎಸೆದೆ. ಕಿಕ್ ಹೊಡೆದೆ ನೋಡಿ.. ಗುಡುಗುಡು ಹೋಗಿ ಪಟಪಟಪಟ ಅಂತ ಮುಖಕ್ಕೆ ಹೊಡೆಯೋ ಸದ್ದು! ರಿಂಗ್ ರೋಡಿಗೆ ಹೋಗಿ ಬಂದೆ. ಗಾಡಿ ರಾಕೆಟ್ ಆಗಿದೆ ಅಂತ ನನಗೆ ಅನುಮಾನವೇ ಉಳಿಯಲಿಲ್ಲ. ಯಾವ ಗಡಿಯಾರವನ್ನೂ ನೋಡಲಿಲ್ಲ, ಯಾವುದನ್ನೂ ಅಳೆಯಲಿಲ್ಲ. ಕಿವಿ ಹೇಳಿತು, ನಂಬಿದೆ.

ಅಮ್ಮ ಸಂಜೆಯೇ ರೇಗಿದಳು. "ಏನೋ ಇದು ದರಿದ್ರ ಸದ್ದು, ಅಪ್ಪ ಬರಲಿ ಇರು."

ಸೋಮವಾರ ಅಪ್ಪ ಗಾಡಿ ತೆಗೆದುಕೊಂಡು ಡ್ಯೂಟಿಗೆ ಹೋದರು. ಬಂದರು. ಏನೂ ಅನ್ನಲಿಲ್ಲ. ಮಂಗಳವಾರವೂ ಅನ್ನಲಿಲ್ಲ. ನಾನು ಗೆದ್ದೆ ಅಂದುಕೊಂಡೆ. "ನೋಡು, ಅಪ್ಪನಿಗೆ ಇಷ್ಟ ಆಗಿದೆ, ಒಂದು ಮಾತೂ ಆಡಲಿಲ್ಲ" ಅಂತ ಅಮ್ಮನ ಮುಂದೆ ಬೀಗಿದೆ. ಅಮ್ಮ ನನ್ನ ಮುಖವನ್ನೇ ಒಂದು ಕ್ಷಣ ನೋಡಿದಳು. ಏನೋ ಹೇಳೋಕೆ ಬಾಯಿ ತೆಗೆದವಳು ಹಾಗೇ ಅಡುಗೆಮನೆಗೆ ಹೋಗಿಬಿಟ್ಟಳು. ಅದು ಏನು ಅಂತ ಆಗ ನನಗೆ ಹೊಳೆಯಲಿಲ್ಲ.

ಮುಂದಿನ ವಾರ ಅಪ್ಪ, ಅಮ್ಮ ಇಬ್ಬರೂ ಚಾಮುಂಡಿ ಬೆಟ್ಟಕ್ಕೆ ಹೋಗಿಬಂದರು. ಅಪ್ಪ ಹೆಲ್ಮೆಟ್ ತೆಗೆಯುತ್ತಾ ಅಂದರು, "ಗಾಡಿ ಎಳೀತಿಲ್ಲ ಕಣೋ. ಯಾವಾಗಲೂ ಮೂರನೇ ಗೇರಲ್ಲಿ ಹತ್ತುತ್ತಿದ್ದ ಕಡೆ ಈ ಸಲ ಎರಡಕ್ಕೆ ಹಾಕಿದರೂ ಒದ್ದಾಡ್ತು. ಭಾಯ್ ಹತ್ರ ತಗೊಂಡು ಹೋಗಿ ತೋರಿಸು."

ಸದ್ದಿನ ಬಗ್ಗೆ ಆಗಲೂ ಒಂದು ಮಾತಿಲ್ಲ.

*

ಭಾಯ್ ಅಂದರೆ ನಮ್ಮ ಗಾಡಿಯ ಮೆಕ್ಯಾನಿಕ್. ವಯಸ್ಸು ಆಗಲೇ ಅರವತ್ತು ದಾಟಿತ್ತು. ನಾನು ಬೀದಿಗೆ ತಿರುಗುತ್ತಿದ್ದ ಹಾಗೇ ಅವರು ಶೆಡ್ಡಿನಿಂದ ಎದ್ದು ಹೊರಗೆ ಬಂದಿದ್ದರು.

"ಬ್ಯಾಫಲ್ ಎಲ್ಲಿ ತಮ್ಮಾ?"

ಇಂಜಿನ್ ಆಫ್ ಮಾಡುವ ಮೊದಲೇ ಸಿಕ್ಕಿಬಿದ್ದಿದ್ದೆ. ತೆಗೆದದ್ದು ಹೌದು, ಆದರೆ ಪಿಕಪ್ ಜಾಸ್ತಿಯಾಗಿದೆ, ಅಪ್ಪನಿಗೇನೋ ಹಾಗೆ ಅನಿಸಿರಬೇಕು, ಅವರೇನೂ ಸದ್ದಿನ ಬಗ್ಗೆ ಬೈಯಲಿಲ್ಲ ಅಂತೆಲ್ಲಾ ವಾದ ಮಾಡಿದೆ. ಭಾಯ್ ಕೈ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

"ನಿಮ್ಮಪ್ಪನಿಗೆ ಈ ಸದ್ದು ಎಲ್ಲಿ ಕೇಳುತ್ತೆ? ಎರಡು ವರ್ಷದಿಂದ ನಾನು ನೋಡ್ತಾ ಇದೀನಿ. ಮೊದಲೆಲ್ಲಾ ಟ್ಯೂನಿಂಗ್ ಮಾಡೋವಾಗ ಪಕ್ಕದಲ್ಲಿ ನಿಂತು, ಇನ್ನೂ ಸ್ವಲ್ಪ ಇಳಿಸಿ ಭಾಯ್ ಅಂತ ಕಿವಿಯಲ್ಲೇ ಹೇಳೋರು. ಈಗ ಸೈಲೆನ್ಸರ್ ಹಿಂದೆ ಅಂಗೈ ಹಿಡೀತಾರೆ. ಕೈಗೆ ಹೊಡೆಯೋ ಗಾಳಿ ನೋಡಿ ಹೇಳ್ತಾರೆ. ಮನೆಯಲ್ಲಿ ಹೇಳಿಲ್ವಾ?"

ಹೇಳಿರಲಿಲ್ಲ.

ಅಪ್ಪ ಕೆಲಸ ಮಾಡುತ್ತಿದ್ದದ್ದು ಊರಾಚೆಯ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ. ತಗಡಿನ ಹಾಳೆಯನ್ನು ಗುದ್ದಿ ಆಕಾರ ಕೊಡುವ ಯಂತ್ರಗಳ ನಡುವೆ, ದಿನಕ್ಕೆ ಎಂಟು ಗಂಟೆ, ಮೂವತ್ತು ವರ್ಷದ ಹತ್ತಿರ. ಟಿವಿ ಸೌಂಡು ಜಾಸ್ತಿ ಇಡೋದು, ಫೋನಿನಲ್ಲಿ "ಆಂ? ಆಂ?" ಅನ್ನೋದು, ಕರೆದರೆ ತಿರುಗದೇ ಇರೋದು ಎಲ್ಲವನ್ನೂ ನಾನು ನೋಡಿದ್ದೆ. ಅಪ್ಪನಿಗೆ ಗಮನ ಕಡಿಮೆ ಅಂದುಕೊಂಡಿದ್ದೆ. ಕಿವಿ ಕಡಿಮೆ ಅಂತ ಹೊಳೆದಿರಲಿಲ್ಲ. ಕೆಲಸದಲ್ಲಿ ತಿಳಿದರೆ ಏನಾಗುತ್ತೋ, ಮಗ ಓದೋವಾಗ ಅವನ ತಲೆಗೆ ಯಾಕೆ ಅಂತ ಗಂಡ ಹೆಂಡತಿ ಇಬ್ಬರೂ ಮುಚ್ಚಿಟ್ಟಿದ್ದರು. ಅಮ್ಮ ಅವತ್ತು ಬಾಯಿ ತೆಗೆದು ಮುಚ್ಚಿದ್ದು ಅದಕ್ಕೆ.

ಯೋಚನೆ ಮಾಡಿ. ಕಿವಿ ಸರಿಯಿದ್ದ ನನಗೆ ಗಾಡಿ ರಾಕೆಟ್ ಆದ ಹಾಗೆ ಅನಿಸಿತು. ಆ ಸದ್ದು ಕೇಳಿಸದೇ ಇದ್ದ ಅಪ್ಪನಿಗೆ ಗಾಡಿ ಸೊರಗಿದ್ದು ಗೊತ್ತಾಯಿತು. ಸದ್ದನ್ನು ಕಳೆದು ಉಳಿದದ್ದನ್ನು ಮಾತ್ರ ಅವರು ಅಳೆಯುತ್ತಿದ್ದರು. ಮತ್ತು ಅವರ ಲೆಕ್ಕವೇ ಸರಿಯಾಗಿತ್ತು.

*

ಭಾಯ್ ಬೈಯಲಿಲ್ಲ. ಶೆಡ್ಡಿನ ಮೂಲೆಯಿಂದ ಒಂದು ಆರ್‌ಎಕ್ಸ್ 100 ಸೈಲೆನ್ಸರ್ ತಂದು ತೋರಿಸಿದರು. ತುಕ್ಕು ಹಿಡಿದು ಕೆಲಸಕ್ಕೆ ಬಾರದ್ದನ್ನು ಉದ್ದಕ್ಕೆ ಸೀಳಿ ಇಟ್ಟುಕೊಂಡಿದ್ದರು. ಹೊರಗಿನಿಂದ ನೋಡಿದರೆ ಒಂದು ಕೊಳವೆ. ಒಳಗೆ ನೋಡಿದರೆ, ಇಂಜಿನ್ ಕಡೆಯಿಂದ ಸಣ್ಣ ಪೈಪು, ಆಮೇಲೆ ನಿಧಾನವಾಗಿ ಅಗಲವಾಗುವ ಆಲಿಕೆ, ಒಂದು ದಪ್ಪ ಹೊಟ್ಟೆ, ಮತ್ತೆ ಕಿರಿದಾಗುವ ಆಲಿಕೆ, ಅದರ ತುದಿಗೆ ಬೆರಳು ಗಾತ್ರದ ನಳಿಗೆ. ಅದೆಲ್ಲಾ ಆದಮೇಲೆ ಕೊನೆಯಲ್ಲಿ ತೂತಿನ ಬ್ಯಾಫಲ್.

"ಇದರಲ್ಲಿ ಸದ್ದು ಅಡಗಿಸೋದು ಕೊನೆಯ ಇಷ್ಟುದ್ದ ಮಾತ್ರ" ಅಂತ ಗೇಣು ತೋರಿಸಿದರು. "ಮಿಕ್ಕಿದ್ದೆಲ್ಲಾ ಇಂಜಿನ್ನೇ ತಮ್ಮಾ."

ಆ ಮಾತು ನನಗೆ ಅವತ್ತು ಪೂರ್ತಿ ಅರ್ಥವಾಗಲಿಲ್ಲ. ನಮ್ಮ ಪಠ್ಯದಲ್ಲಿ ಟೂ ಸ್ಟ್ರೋಕಿಗೆ ಇದ್ದದ್ದು ಒಂದೆರಡು ಪುಟ. ಆಮೇಲೆ ಲೈಬ್ರರಿಯಲ್ಲಿ ಕೂತು ಓದಿದೆ. ತಿಳಿದದ್ದನ್ನು ನನಗೆ ತೋಚಿದ ಹಾಗೆ ಹೇಳ್ತೀನಿ.

ಫೋರ್ ಸ್ಟ್ರೋಕ್ ಇಂಜಿನ್ನಿಗೆ ವಾಲ್ವ್‌ಗಳಿವೆ. ಹೊಗೆ ಹೊರಗೆ ಹೋಗೋಕೆ ಒಂದು ಹೊತ್ತು, ಹೊಸ ಪೆಟ್ರೋಲ್ ಗಾಳಿ ಒಳಗೆ ಬರೋಕೆ ಇನ್ನೊಂದು ಹೊತ್ತು. ನಮ್ಮ ಯೆಜ್ಡಿ, ಆರ್‌ಎಕ್ಸ್ ಥರದ ಟೂ ಸ್ಟ್ರೋಕಿನಲ್ಲಿ ಅಂಥ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ತೂತುಗಳಿವೆ, ಪಿಸ್ಟನ್ ಕೆಳಗೆ ಇಳಿದಾಗ ಅವು ತೆರೆಯುತ್ತವೆ, ಮೇಲೆ ಹೋದಾಗ ಮುಚ್ಚುತ್ತವೆ. ಒಳಗೆ ಬರೋ ದಾರಿ, ಹೊರಗೆ ಹೋಗೋ ದಾರಿ ಎರಡೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ.

ಸಿಟಿ ಬಸ್ ನೆನಪು ಮಾಡಿಕೊಳ್ಳಿ. ಮುಂದಿನ ಬಾಗಿಲಲ್ಲಿ ಜನ ನುಗ್ಗುತ್ತಾರೆ, ಆ ತಳ್ಳಾಟಕ್ಕೇ ಒಳಗಿದ್ದವರು ಹಿಂದಿನ ಬಾಗಿಲಲ್ಲಿ ಇಳಿಯುತ್ತಾರೆ. ಎಲ್ಲಾ ಸರಿ. ಆದರೆ ಈಗಷ್ಟೇ ಹತ್ತಿದವರಲ್ಲೂ ಕೆಲವರನ್ನು ಜನ ತಳ್ಳಿಕೊಂಡು ಹೋಗಿ ಹಿಂದಿನ ಬಾಗಿಲಿಂದ ಕೆಳಗೆ ಹಾಕಿಬಿಡುತ್ತಾರೆ! ಟೂ ಸ್ಟ್ರೋಕಿನ ಹುಟ್ಟುಖಾಯಿಲೆ ಇದೇ. ಹೊಸ ಪೆಟ್ರೋಲಿನಲ್ಲಿ ಒಂದು ಪಾಲು ಸುಡದೇ ಸೈಲೆನ್ಸರಿಗೆ ಹೋಗುತ್ತದೆ. ಆಗ ಹಿಂದಿನ ಬಾಗಿಲ ಹೊರಗೆ ಒಬ್ಬ ಗಟ್ಟಿಮುಟ್ಟಾದ ಕಂಡಕ್ಟರ್ ಬೇಕು. ಇಳಿಯಬೇಕಾದವರೆಲ್ಲಾ ಇಳಿಯೋವರೆಗೆ ಅವರ ಕೈ ಹಿಡಿದು ಎಳೆಯಬೇಕು, ತಪ್ಪಿ ಇಳಿದವರನ್ನು ಬಾಗಿಲು ಮುಚ್ಚೋ ಕ್ಷಣದಲ್ಲಿ ಮತ್ತೆ ಒಳಗೆ ತಳ್ಳಬೇಕು.

ಆ ಕಂಡಕ್ಟರ್ ಯಾರು ಅಂದರೆ, ಸದ್ದು! ನಿಜವಾಗಿಯೂ.

ಹೊಗೆಯ ದಾರಿ ತೆರೆದ ಕೂಡಲೇ ಒತ್ತಡದ ಒಂದು ಅಲೆ ಕೊಳವೆಯೊಳಗೆ ಓಡುತ್ತದೆ. ಬಾವಿಗೆ ಬಗ್ಗಿ ಕೂಗಿದರೆ ಕೂಗು ವಾಪಸ್ ಬರುತ್ತಲ್ಲ, ಹಾಗೆಯೇ ಈ ಅಲೆಯೂ ವಾಪಸ್ ಬರುತ್ತದೆ. ಕೊಳವೆ ಅಗಲವಾಗುತ್ತಾ ಹೋಗುವ ಕಡೆಯಿಂದ ತಿರುಗಿದ ಅಲೆ ಎಳೆಯುವ ಅಲೆಯಾಗಿ ಬರುತ್ತದೆ. ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಅದು ಹೀರಿ ತೆಗೆಯುತ್ತದೆ. ಕೊಳವೆ ಕಿರಿದಾಗುವ ಕಡೆಯಿಂದ ತಿರುಗಿದ ಅಲೆ ತಳ್ಳುವ ಅಲೆಯಾಗಿ ಬರುತ್ತದೆ. ತಪ್ಪಿಸಿಕೊಂಡ ಹೊಸ ಪೆಟ್ರೋಲನ್ನು ಅದು ಮತ್ತೆ ಸಿಲಿಂಡರಿಗೆ ತುರುಕುತ್ತದೆ. ಸೀಳಿದ ಸೈಲೆನ್ಸರಿನ ಆ ಎರಡು ಆಲಿಕೆಗಳ ಕೆಲಸ ಇದು.

ಇದೆಲ್ಲಾ ಹೊತ್ತಿನ ಆಟ. ಒಂದು ಸಣ್ಣ ಲೆಕ್ಕ ಮಾಡೋಣ. ಆರ್‌ಎಕ್ಸ್ 100 ತನ್ನ 11 ಅಶ್ವಶಕ್ತಿ ಕೊಡೋದು 7500 ಆರ್‌ಪಿಎಂ ಹತ್ತಿರ. ಅಂದರೆ ಒಂದು ಸುತ್ತಿಗೆ 8 ಮಿಲಿಸೆಕೆಂಡ್. ಹೊಗೆಯ ದಾರಿ ತೆರೆದಿರೋದು ಸುಮಾರು ಅರ್ಧ ಸುತ್ತು, 4 ಮಿಲಿಸೆಕೆಂಡ್. ಬಿಸಿ ಹೊಗೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. 4 ಮಿಲಿಸೆಕೆಂಡಿನಲ್ಲಿ 2 ಮೀಟರ್, ಅಂದರೆ ಹೋಗಿ ಬರೋಕೆ ಒಂದು ಮೀಟರ್ ದೂರ. ಈಗ ಆರ್‌ಎಕ್ಸ್ ಸೈಲೆನ್ಸರಿನ ಉದ್ದ ನೆನಪು ಮಾಡಿಕೊಳ್ಳಿ. ಅದು ಅಷ್ಟುದ್ದ ಇರೋದು ಅಂದಕ್ಕಲ್ಲ! ಆ ಲೆಕ್ಕ ಕೂಡೋದು ಒಂದು ವೇಗದ ಆಸುಪಾಸಿನಲ್ಲಿ ಮಾತ್ರ. ಆರ್‌ಎಕ್ಸ್ ಓಡಿಸಿದವರಿಗೆ ಗೊತ್ತು, ಆಕ್ಸಿಲರೇಟರ್ ತಿರುವುತ್ತಾ ಹೋದರೆ ಒಂದು ಹಂತದಲ್ಲಿ ಗಾಡಿ ಇದ್ದಕ್ಕಿದ್ದ ಹಾಗೆ ಮುಂದಕ್ಕೆ ಜಿಗಿಯುತ್ತೆ. ಅಲೆ ಸರಿಯಾದ ಹೊತ್ತಿಗೆ ಮನೆಗೆ ಬರೋಕೆ ಶುರುವಾಯಿತು ಅಂತ ಅರ್ಥ.

"ಸೈಲೆನ್ಸರಲ್ಲಿ ತಡೆ ಇರಬೇಕು, ಪ್ರೆಶರ್ ಬೇಕು" ಅಂತ ಮೆಕ್ಯಾನಿಕ್‌ಗಳು ಹೇಳೋದನ್ನು ನೀವೂ ಕೇಳಿರ್ತೀರಿ. ಅರ್ಧ ನಿಜ. ಬರೀ ತಡೆಯೇ ಬೇಕಿದ್ದರೆ ಕಾರ್ಬನ್ ಕಟ್ಟಿ ಮುಚ್ಚಿಹೋದ ಸೈಲೆನ್ಸರ್ ಗಾಡಿಯನ್ನು ಓಡಿಸಬೇಕಿತ್ತು, ಅದು ಉಸಿರು ಕಟ್ಟಿಸುತ್ತದೆ. ಬೇಕಾಗಿರೋದು ಹೊತ್ತಿಗೆ ಸರಿಯಾಗಿ ವಾಪಸ್ ಬರುವ ಅಲೆ. ನಮ್ಮ ಯೆಜ್ಡಿಯ ಇಂಜಿನ್ ಆರ್‌ಎಕ್ಸಿನಷ್ಟು ಜೋರಾಗಿ ತಿರುಗುವುದಲ್ಲ, ಅದರ ಸೈಲೆನ್ಸರಿನ ಆಟವೂ ಅಷ್ಟು ತೀಕ್ಷ್ಣವಲ್ಲ. ಆದರೂ ತುದಿಯ ಬ್ಯಾಫಲ್ ಕಿತ್ತಾಗ ವಾಪಸ್ ಬರಬೇಕಾದ ಅಲೆ ಬಡವಾಯಿತು, ಕಾರ್ಬುರೇಟರಿನ ಅಳತೆ ತಪ್ಪಿತು, ಕಡಿಮೆ ವೇಗದ ಎಳೆತ ಸತ್ತಿತು. ಏರು ಹತ್ತೋಕೆ ಬೇಕಾದದ್ದು ಆ ಎಳೆತವೇ.

*

ಈ ವಿದ್ಯೆಯನ್ನು ಪಳಗಿಸಿದವನ ಕತೆಯನ್ನು ಹೇಳದೆ ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. ವಾಲ್ಟರ್ ಕಾಡೆನ್ ಅಂತ ಒಬ್ಬ ಇಂಜಿನಿಯರ್. ಪೂರ್ವ ಜರ್ಮನಿಯ ಚೋಪಾವ್ ಅನ್ನೋ ಊರಿನಲ್ಲಿ ಎಂಝಡ್ ಮೋಟಾರ್‌ಸೈಕಲ್ ಕಾರ್ಖಾನೆ, 1953ರಿಂದ ಅದರ ರೇಸಿಂಗ್ ವಿಭಾಗ ಇವನ ಕೈಯಲ್ಲಿ. ದುಡ್ಡಿಲ್ಲ, ಒಳ್ಳೆಯ ಸಾಮಗ್ರಿ ಇಲ್ಲ. ಆದರೆ ಸೈಲೆನ್ಸರಿನೊಳಗಿನ ಅಲೆಗಳನ್ನು ಆಸಿಲೋಸ್ಕೋಪಿನ ಪರದೆಯ ಮೇಲೆ ನೋಡುವ ಬುದ್ಧಿ ಇತ್ತು. ಎಲ್ಲರೂ ಹೊಗೆ ಹೋಗೋ ಕೊಳವೆ ಅಂದುಕೊಂಡದ್ದನ್ನು ಅವನು ಇಂಜಿನ್ನಿನ ಭಾಗ ಅಂತ ನೋಡಿದ. 1961ರ ಹೊತ್ತಿಗೆ ಅವನ 125 ಸಿಸಿ ಇಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಲೀಟರಿಗೆ 200 ಅಶ್ವಶಕ್ತಿಯ ಲೆಕ್ಕ!

ಅದೇ 1961ರ ಸೆಪ್ಟೆಂಬರ್. ಬರ್ಲಿನ್ ಗೋಡೆ ಎದ್ದು ಒಂದು ತಿಂಗಳಾಗಿತ್ತು. ಸ್ವೀಡನ್ನಿನ ಗ್ರಾಂಪ್ರಿಗೆ ಹೋದ ಎಂಝಡ್ ಸವಾರ ಅರ್ನ್ಸ್ಟ್ ಡೆಗ್ನರ್ ವಾಪಸ್ ಬರಲೇ ಇಲ್ಲ. ಅವನ ಹೆಂಡತಿ ಮಕ್ಕಳನ್ನೂ ಗುಟ್ಟಾಗಿ ಪಶ್ಚಿಮಕ್ಕೆ ದಾಟಿಸಲಾಗಿತ್ತು. ಡೆಗ್ನರ್ ಹೋಗಿ ಸೇರಿದ್ದು ಜಪಾನಿನ ಸುಝುಕಿಯನ್ನು, ಕಾಡೆನ್‌ನ ವಿದ್ಯೆಯ ಸಮೇತ. 1962ರಲ್ಲಿ 50 ಸಿಸಿ ವರ್ಗದ ವಿಶ್ವ ಚಾಂಪಿಯನ್ ಆದ. ಆಮೇಲೆ ಆ ಎರಡು ಆಲಿಕೆಗಳು ಟೂ ಸ್ಟ್ರೋಕ್ ರೇಸ್ ಗಾಡಿಗಳಿಗೆಲ್ಲಾ ಬಂದವು, ನಿಧಾನವಾಗಿ ರಸ್ತೆಯ ಗಾಡಿಗಳಿಗೂ ಇಳಿದವು. ನಮ್ಮ ಬೀದಿಯ ಹುಡುಗ ಗ್ಯಾಸ್ ಕಟರ್ ಹಾಕಿ ಕಿತ್ತು ಗುಜರಿಗೆ ಹಾಕಿಸಿದ್ದು ಅದನ್ನೇ..

"ರೇಸ್ ಗಾಡಿಗಳು ಸದ್ದು ಮಾಡಲ್ವಾ ಹಾಗಾದರೆ?" ಅಂತ ಕೇಳಬಹುದು. ಮಾಡುತ್ತವೆ. ಆದರೆ ಆ ಸದ್ದು ಶಕ್ತಿಯಲ್ಲ, ಶಕ್ತಿ ಮಾಡಿ ಮಿಕ್ಕಿದ್ದು. ಇದನ್ನೂ ಲೆಕ್ಕ ಹಾಕಬಹುದು. ಸೈಲೆನ್ಸರಿನಿಂದ ಒಂದು ಮೀಟರ್ ದೂರದಲ್ಲಿ 110 ಡೆಸಿಬಲ್ ಸದ್ದು ಅಂದುಕೊಳ್ಳಿ, ಕಿವಿ ಮುಚ್ಚಿಕೊಳ್ಳೋ ಅಷ್ಟು. ಅಲ್ಲಿ ಚದರ ಮೀಟರಿಗೆ 0.1 ವ್ಯಾಟ್. ಸುತ್ತಲೂ ಸಮನಾಗಿ ಹರಡಿದೆ ಅಂತ ಇಟ್ಟುಕೊಂಡರೂ ಒಟ್ಟು ಒಂದೂಕಾಲು ವ್ಯಾಟ್. ಮೊಬೈಲಿನ ಸಾಧಾರಣ ಚಾರ್ಜರ್ 5 ವ್ಯಾಟ್ ಕೊಡುತ್ತೆ! ಆರ್‌ಎಕ್ಸಿನ 11 ಅಶ್ವಶಕ್ತಿ ಅಂದರೆ ಸುಮಾರು 8000 ವ್ಯಾಟ್. ಇಡೀ ಬೀದಿಯನ್ನು ಎಬ್ಬಿಸುವ ಸದ್ದಿನಲ್ಲಿ ಇರೋದು ಅದರ ಆರು ಸಾವಿರದಲ್ಲಿ ಒಂದು ಪಾಲು. ಗಾಡಿಯನ್ನು ಒಂದಡಿ ಜಾಸ್ತಿ ಮುಂದೆ ತಳ್ಳೋಕೂ ಅದು ಸಾಲದು. ಆದರೆ ಕಿವಿ ಕೆಡಿಸೋಕೆ ಧಾರಾಳವಾಗಿ ಸಾಕು.

*

ಅಟ್ಟದಿಂದ ಬ್ಯಾಫಲ್ ಇಳಿಸಿದೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ, ತಂತಿ ಬ್ರಶ್ಶಿನಿಂದ ಉಜ್ಜಿ, ಪ್ರತಿ ತೂತೂ ಕಾಣುವ ಹಾಗೆ ಮಾಡಿ ಮತ್ತೆ ಹಾಕಿದೆ. ಭಾಯ್ ಕಾರ್ಬುರೇಟರ್ ಸರಿಮಾಡಿದರು. ಅಪ್ಪನನ್ನು ಕರೆದೆ. ಕಿಕ್ ಹೊಡೆದೆ. ಅಪ್ಪ ಬಗ್ಗಿ, ಮೊದಲು ಎಡಗಡೆ ಸೈಲೆನ್ಸರಿನ ಹಿಂದೆ ಅಂಗೈ ಹಿಡಿದರು, ಆಮೇಲೆ ಬಲಗಡೆ. ಸ್ವಲ್ಪ ಹೊತ್ತು ಹಾಗೇ ಇದ್ದರು. "ಈಗ ಸರಿಹೋಯ್ತು" ಅಂದರು.

ಬ್ಯಾಫಲ್ ತೆಗೆದದ್ದು ನಾನೇ ಅಂತ ಹೇಳಿದೆ. "ಅಮ್ಮ ಹೇಳಿದಳು" ಅಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಜಗಳ ಮಾಡಿ, ಅತ್ತೂ ಕರೆದೂ ಅವರನ್ನು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳು ಎತ್ತಿ ಅಂದರು. ನಾನು ಹೊರಗೆ ನಿಂತು ನೋಡುತ್ತಿದ್ದೆ. ಎತ್ತಬೇಕಾದ ಎಷ್ಟೋ ಕಡೆ ಅಪ್ಪ ಬೆರಳು ಎತ್ತಲಿಲ್ಲ. ಕೊನೆಗೆ ಒಂದು ಗ್ರಾಫ್ ಕೈಗೆ ಕೊಟ್ಟರು. ತಗ್ಗು ಸ್ವರಗಳ ಕಡೆ ಗೆರೆ ಪರವಾಗಿಲ್ಲ ಅನ್ನುವ ಹಾಗಿತ್ತು, 4000 ಹರ್ಟ್ಸ್ ಹತ್ತಿರ ಬಾವಿಗೆ ಬಿದ್ದ ಹಾಗೆ ಕೆಳಗೆ ಹೋಗಿತ್ತು. ಸದ್ದಿನಲ್ಲಿ ಕೆಲಸ ಮಾಡಿದವರ ಕಿವಿ ಮೊದಲು ಕೆಡೋದು ಅಲ್ಲೇ ಅಂತೆ.

ಆ ಗ್ರಾಫ್ ನೋಡಿದಾಗ ಎಲ್ಲಾ ಕೂಡಿಕೊಂಡಿತು. ಯೆಜ್ಡಿಯ ಗುಡುಗುಡು ತಗ್ಗು ಸ್ವರ, ಅದು ಅಪ್ಪನಿಗೆ ಇನ್ನೂ ಕೇಳುತ್ತಿತ್ತು. ತೂತಿನ ಬ್ಯಾಫಲ್ ಚೆನ್ನಾಗಿ ಅಡಗಿಸೋದು ಮೇಲಿನ ಸ್ವರದ ಸಿಡಿತವನ್ನು. ನಾನು ಬ್ಯಾಫಲ್ ಕಿತ್ತು ಹೊಸದಾಗಿ ಸೇರಿಸಿದ್ದ ಪಟಪಟ ಅಪ್ಪನಿಗೆ ಕೇಳಿಸದ ಜಾಗಕ್ಕೇ ಹೋಗಿ ಬಿದ್ದಿತ್ತು. ನಾನು ಒಪ್ಪಿಗೆ ಅಂದುಕೊಂಡ ಮೌನ ಅದು.

85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಮೇಲೆ ಪ್ರತಿ 3 ಡೆಸಿಬಲ್ಲಿಗೂ ಆ ಹೊತ್ತು ಅರ್ಧವಾಗುತ್ತಾ ಹೋಗುತ್ತೆ, 100 ಡೆಸಿಬಲ್ ಆದರೆ ಬರೀ 15 ನಿಮಿಷ ಅನ್ನೋ ಲೆಕ್ಕ ಆಮೇಲೆ ಓದಿದೆ. ಪ್ರೆಸ್ ಶಾಪಿನಲ್ಲಿ ಯಾರೂ ಗಡಿಯಾರ ಹಿಡಿದು ನಿಂತಿರಲಿಲ್ಲ. ಕಡೆಯ ಕೆಲವು ವರ್ಷ ಕಿವಿಗೆ ಹಾಕೋಕೆ ಪ್ಲಗ್ ಕೊಟ್ಟಿದ್ದರಂತೆ. "ಅದನ್ನು ಹಾಕ್ಕೊಂಡರೆ ಪಕ್ಕದವನು ಹುಷಾರು ಅಂತ ಕೂಗಿದ್ದು ಕೇಳಲ್ಲ, ಕೈ ಹೋಗುತ್ತೆ" ಅಂದರು ಅಪ್ಪ. ಕೈ ಉಳಿಸಿಕೊಂಡು ಕಿವಿ ಕೊಟ್ಟರು. ಬಿಚ್ಚದೇ ಇದ್ದ ಆ ಪ್ಲಗ್‌ಗಳ ನಾಲ್ಕು ಪ್ಯಾಕೆಟ್ ಇವತ್ತಿಗೂ ಗೋಡ್ರೆಜ್ ಬೀರುವಿನಲ್ಲಿವೆ. ಅಪ್ಪ ರಿಟೈರ್ ಆಗಿ ಆರು ವರ್ಷ. ಹಿಯರಿಂಗ್ ಏಡ್ ಇದೆ, ಮಲಗುವಾಗ ತೆಗೆದಿಡುತ್ತಾರೆ.

*

ಮೊನ್ನೆ ಭಾನುವಾರ ಬೆಳಿಗ್ಗೆ ಹಾಲಿನ ಬೂತ್ ಹತ್ತಿರ ಆ ಹುಡುಗ ಸಿಕ್ಕಿದ. ಉಗಿಯಲಿಲ್ಲ. ಗಾಡಿ ಚೆನ್ನಾಗಿದೆ ಅಂದೆ. ಮುಖ ಅರಳಿತು. "ಪಿಕಪ್ ಹೇಗಿದೆ ಗೊತ್ತಾ ಅಣ್ಣಾ, ಸೈಲೆನ್ಸರ್ ಮಾಡಿಸಿದ ಮೇಲೆ ಬೆಂಕಿ!"

ಜೇಬಿನಲ್ಲಿ ಅಪ್ಪನ ಪ್ಲಗ್ಗಿನ ಒಂದು ಪ್ಯಾಕೆಟ್ ಇಟ್ಟುಕೊಂಡಿದ್ದೆ. ಅವನ ಕೈಗೆ ಕೊಟ್ಟೆ. "ಇದನ್ನು ಕಿವಿಗೆ ಹಾಕ್ಕೊಂಡು, ಮೇಲೆ ಹೆಲ್ಮೆಟ್ ಹಾಕ್ಕೊಂಡು, ಖಾಲಿ ರೋಡಲ್ಲಿ ಒಂದು ಏರು ಹತ್ತಿಸಿಕೊಂಡು ಬಾ. ಆಮೇಲೆ ಪಿಕಪ್ ಹೇಗಿದೆ ಹೇಳು" ಅಂದೆ. ತಮಾಷೆ ಅಂದುಕೊಂಡು ನಕ್ಕ. ಆದರೂ ತೆಗೆದುಕೊಂಡು ಹೋದ.

ಸಂಜೆ ನಾನು ಬೆಂಗಳೂರು ಬಸ್ಸಿಗೆ ಹೊರಡೋವಾಗ ಗೇಟಿನ ಹತ್ತಿರ ನಿಂತಿದ್ದ. "ಅಣ್ಣಾ.. ಏನೋ ಖಾಲಿ ಖಾಲಿ ಅನ್ನಿಸ್ತು. ಗಾಡಿ ನಿಂತೇ ಇದೆಯೇನೋ ಅನ್ನೋ ಹಾಗೆ" ಅಂದ. ಸ್ವಲ್ಪ ಸುಮ್ಮನಿದ್ದು, "ಹಳೇದು ಗುಜರಿಯವನ ಹತ್ರ ಇನ್ನೂ ಇರುತ್ತಾ?" ಅಂತ ಕೇಳಿದ. ಹುಡುಕ್ತಾನೋ ಇಲ್ಲವೋ ಗೊತ್ತಿಲ್ಲ. ಭಾಯ್ ಈಗ ಇಲ್ಲ, ಅವರ ಮಗ ಶೆಡ್ ನಡೆಸುತ್ತಿದ್ದಾನೆ. ಸೀಳಿದ ಸೈಲೆನ್ಸರ್ ಅಲ್ಲೇ ಮೂಲೆಯಲ್ಲಿದೆ, ಹೋಗಿ ನೋಡು ಅಂತ ವಿಳಾಸ ಕೊಟ್ಟಿದ್ದೇನೆ.

ನಾವು ಮಾತಾಡುತ್ತಾ ನಿಂತಿದ್ದಾಗ ಒಳಗೆ ಅಪ್ಪ ಯೆಜ್ಡಿಗೆ ಕಿಕ್ ಹೊಡೆದರು, ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡೋಕೆ. ಬಿಡಲ್ಲ, ಆಟೋ ಸಾಕು ಅಂದರೂ ಕೇಳಲ್ಲ. (ಕೇಳಲ್ಲ ಅನ್ನೋದಕ್ಕೆ ಇಲ್ಲಿ ಎರಡರ್ಥ ಇದೆ, ಅಪ್ಪನೇ ಈ ಜೋಕ್ ಮಾಡೋದು.) ಗುಡುಗುಡು ಶುರುವಾಯಿತು. ಅಪ್ಪ ಇಳಿದು, ಹಿಂದೆ ಬಂದು, ಬಗ್ಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಂಗೈ ಹಿಡಿದು ನೋಡಿದರು. ಆ ಹುಡುಗ ಅದೇನು ಅಂತ ಕಣ್ಣು ಅರಳಿಸಿ ನೋಡುತ್ತಿದ್ದ.

ನಿಮ್ಮ ಮನೆಯಲ್ಲೂ ಟಿವಿ ಸೌಂಡ್ ಸ್ವಲ್ಪ ಸ್ವಲ್ಪವೇ ಜಾಸ್ತಿ ಆಗ್ತಾ ಇದೆಯಾ? ಕರೆದರೆ ತಿರುಗದವರು ಯಾರಾದರೂ ಇದ್ದಾರಾ? ಗಮನ ಇಲ್ಲ ಅಂತ ರೇಗೋ ಮೊದಲು ಒಂದು ಸಲ ಯೋಚನೆ ಮಾಡಿ. ಹಾಗೆಯೇ ನಿಮ್ಮ ಮನೆಯ ಜಾವಾ, ಯೆಜ್ಡಿ, ಆರ್‌ಎಕ್ಸ್ ಕತೆಗಳಿದ್ದರೆ ಕಾಮೆಂಟಿನಲ್ಲಿ ಹೇಳಿ.. ಓದೋಕೆ ಕಾಯ್ತಿರ್ತೀನಿ.